ಫೋನಿನಲ್ಲೇ ‘ಆಯ್ತು’ ಎನ್ನಬೇಡಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಮಹಿಳೆ, ಮೂವತ್ತು ದಾಟಿದವರು. ಬರೆಯಲು ಅವರ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ. ಮಲಯಾಳ, ಕನ್ನಡ, ಇಂಗ್ಲಿಷ್ ನಡುವೆ ಅನುವಾದ ಮಾಡುತ್ತಾರೆ. ಕೊಚ್ಚಿ, ಬೆಂಗಳೂರಿನ ಏಜೆನ್ಸಿಗಳು ಕೆಲಸ ಕಳಿಸುತ್ತವೆ, ಪದಕ್ಕಿಷ್ಟು ಎಂದು ದುಡ್ಡು.

ಆಪ್ತಸಲಹೆಗೆಂದು ನನ್ನಲ್ಲಿಗೆ ಬಂದದ್ದು ನಿದ್ದೆಯ ತೊಂದರೆಗೆ. ರಾತ್ರಿ ಎರಡರವರೆಗೆ ಲ್ಯಾಪ್‌ಟಾಪ್, ಬೆಳಿಗ್ಗೆ ಐದೂವರೆಗೆ ಅಡುಗೆಮನೆ. ಮಗಳ ಮೇಲೆ ಸುಮ್ನೆ ರೇಗುತ್ತಿದ್ದರು. “ನಂಗೆ ಶಿಸ್ತೇ ಇಲ್ಲ ಮೇಡಂ, ಒಂದು ಟೈಮ್ ಟೇಬಲ್ ಹಾಕಿ ಕೊಡಿ” ಎಂದರು.

ನಾನು ಹಾಕಿ ಕೊಡಲಿಲ್ಲ. ದಿನ ಹೇಗೆ ಹೋಗುತ್ತಿದೆ ಎಂದು ಗೊತ್ತಾಗದೆ ಟೈಮ್ ಟೇಬಲ್ ಹಾಕಿದರೆ ಎರಡೇ ದಿನಕ್ಕೆ ಮುರಿಯುತ್ತದೆ, ಆಮೇಲೆ ಇನ್ನಷ್ಟು ಬೇಸರ. ಒಂದು ವಾರ ಮಾಡಿದ್ದನ್ನೆಲ್ಲ ಗಂಟೆಗಂಟೆಗೆ ಬರೆದಿಡಲು ಹೇಳಿದೆ.

ಆ ಪುಸ್ತಕದಲ್ಲಿ ಸೋಮಾರಿತನ ಎಲ್ಲೂ ಇರಲಿಲ್ಲ. ಹಗಲಿಡೀ ಜನ ಇದ್ದರು. ಪಂಚಾಯತಿನಿಂದಲೋ ವಿಲೇಜ್ ಆಫೀಸಿನಿಂದಲೋ ಮಲಯಾಳದಲ್ಲಿ ಕಾಗದ ಬಂದರೆ ಅಕ್ಕಪಕ್ಕದ ಹಿರಿಯರು ಇವರ ಜಗಲಿಗೆ ಬರುತ್ತಾರೆ: “ಇದೊಮ್ಮೆ ಓದಿ ಹೇಳು ಮಗಾ, ನೀನು ಹೇಗೂ ಮನೆಯಲ್ಲೇ ಇದ್ದೀಯಲ್ಲ.” ಕಾಗದ ಓದುವುದು, ಅರ್ಜಿ ತುಂಬುವುದು, ಒಂದು ಚಹಾ. ಮಧ್ಯಾಹ್ನವೇ ಮುಗಿಯುತ್ತಿತ್ತು.

ಇದನ್ನು ನಿಲ್ಲಿಸಿ ಎನ್ನಲು ನನಗೆ ಮನಸ್ಸು ಬರಲಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಮಾಧ್ಯಮದಲ್ಲೇ ಓದಿದವರು ಬೇಕಾದಷ್ಟು ಜನ ಇದ್ದಾರೆ. ಮಲಯಾಳದ ಒಂದು ನೋಟಿಸು ಅವರ ನಿದ್ದೆ ಕೆಡಿಸುತ್ತದೆ. ಆ ಸಹಾಯ ದೊಡ್ಡದು, ಅದರಿಂದ ಇವರಿಗೂ ಸಂತೋಷ ಇತ್ತು. ಅದಕ್ಕೆ ಶನಿವಾರ ಮಧ್ಯಾಹ್ನ ಎಂದು ಹೊತ್ತು ಗೊತ್ತು ಮಾಡಿದೆವು. ಕೊನೆಯ ದಿನಾಂಕ ಹತ್ತಿರ ಇದ್ದರೆ ಮಾತ್ರ ಬೇರೆ ದಿನ. ಇದನ್ನು ಹೇಳುವ ಕೆಲಸ ಅತ್ತೆಗೆ ಕೊಟ್ಟೆವು. ಸೊಸೆ ಹೇಳಿದರೆ ಜಂಬ ಎನ್ನುವವರು ಅತ್ತೆ ಹೇಳಿದರೆ ಕೇಳುತ್ತಾರೆ. ಒಂದು ಭೇಟಿಗೆ ಅವರೂ ಬಂದಿದ್ದರು. ರಾತ್ರಿ ಲೈಟ್ ಉರಿಯುವುದು ಯಾಕೆ ಎಂದು ಅವರಿಗೆ ಅಲ್ಲಿಯವರೆಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಇನ್ನೊಂದು ತೊಂದರೆ ಲೆಕ್ಕದ್ದು. ಎರಡು ದಿನ ಸಾಕು ಎಂದು ಒಪ್ಪಿದ ಕೆಲಸಕ್ಕೆ ನಾಲ್ಕು ದಿನ ಹಿಡಿಯುತ್ತಿತ್ತು. ಇದು ಎಲ್ಲರಿಗೂ ಆಗುತ್ತದೆ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ಇದರ ಬಗ್ಗೆ ಬರೆದರು. 1994ರ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧಕ್ಕೆ ಸರಾಸರಿ 34 ದಿನ ಸಾಕು ಎಂದಿದ್ದರು, ಹಿಡಿದದ್ದು 55ಕ್ಕಿಂತ ಜಾಸ್ತಿ. ಮನಸ್ಸು ಅಡ್ಡಿ ಇಲ್ಲದ ದಿನವನ್ನೇ ಊಹಿಸುತ್ತದೆ. ಕರೆಂಟ್ ಹೋಗುವುದು, ಮಗುವಿನ ಜ್ವರ, ನೆಂಟರ ಮನೆಯ ಪೂಜೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಊಹೆ ಬಿಟ್ಟು, ಹಿಂದಿನ ಅಂಥದ್ದೇ ಕೆಲಸಕ್ಕೆ ನಿಜವಾಗಿ ಎಷ್ಟು ಗಂಟೆ ಹಿಡಿಯಿತು ಎಂದು ಪುಸ್ತಕ ನೋಡಿ ದಿನಾಂಕ ಕೊಡಿ ಎಂದೆ.

ಆದರೆ ದಿನಾಂಕ ಕೇಳುವ ಧೈರ್ಯವೇ ಅವರಿಗಿರಲಿಲ್ಲ. “ಈ ಸಲ ಬೇಡ ಅಂದರೆ ಇನ್ನು ಕರೆಯುವುದೇ ಇಲ್ಲ, ಅಲ್ವಾ?” ಈ ಭಯ ಸುಳ್ಳಲ್ಲ. ತಿಂಗಳ ಸಂಬಳ ಇಲ್ಲದವರಿಗೆ ಅದು ಇದ್ದೇ ಇರುತ್ತದೆ. ಭಯ ಹೋಗುವವರೆಗೆ ಕಾಯಬೇಡಿ, ಉತ್ತರವನ್ನು ಮಾತ್ರ ಒಂದು ಗಂಟೆ ತಡಮಾಡಿ ಎಂದು ಸಲಹೆ ಕೊಟ್ಟೆ. ಫೋನಿನಲ್ಲಿ “ಫೈಲ್ ಕಳಿಸಿ, ನೋಡಿ ಹೇಳ್ತೇನೆ” ಅಷ್ಟೇ. ಆಮೇಲೆ ಮೆಸೇಜಿನಲ್ಲಿ ದಿನಾಂಕ. ಅರ್ಜೆಂಟ್ ಆದರೆ ರೇಟ್ ಬೇರೆ. ಈ ಮಾತನ್ನು ಕೋಣೆಯಲ್ಲೇ ಜೋರಾಗಿ ಹೇಳಿಸಿ ಅಭ್ಯಾಸ ಮಾಡಿಸಿದೆ. ಮೊದಲ ಸಲ ಅವರ ಸ್ವರ ನಡುಗಿತು.

ಬಾಕಿ ದುಡ್ಡಿನ ವಿಷಯವೂ ಇತ್ತು. ದುಡ್ಡು ತಡವಾದಾಗಲೆಲ್ಲ ಹೆದರಿ ಇನ್ನೊಂದು ಕೆಲಸ ಒಪ್ಪುತ್ತಿದ್ದರು. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ‘ಉದ್ಯಮ್’ ನೋಂದಣಿ ಮಾಡಿಸಿಕೊಳ್ಳಲು ಹೇಳಿದೆ. ಅದು ಉಚಿತ. ನೋಂದಾಯಿಸಿದ ಸಣ್ಣ ಉದ್ಯಮಕ್ಕೆ ಬರಬೇಕಾದ ದುಡ್ಡನ್ನು 45 ದಿನಕ್ಕಿಂತ ಹೆಚ್ಚು ಹಿಡಿದಿಡುವಂತಿಲ್ಲ ಎಂದು 2006ರ ಕಾನೂನು ಹೇಳುತ್ತದೆ.

ಒಂದು ಏಜೆನ್ಸಿ ಕರೆಯುವುದನ್ನು ನಿಲ್ಲಿಸಿತು. ಆ ತಿಂಗಳು ಕೈ ಸ್ವಲ್ಪ ಬಿಗಿಯಾಯಿತು. ಉಳಿದವರು ಅವರು ಕೊಟ್ಟ ದಿನಾಂಕವನ್ನೇ ಒಪ್ಪಿದರು. ಈಗ ಹನ್ನೊಂದಕ್ಕೆ ಮಲಗುತ್ತಾರೆ, ಆದರೂ ಕೆಲವು ರಾತ್ರಿ ನಿದ್ದೆ ಬೇಗ ಹತ್ತುವುದಿಲ್ಲ. ಇನ್ನೆರಡು ವಾರದಲ್ಲಿ ಸರಿಹೋಗದಿದ್ದರೆ ವೈದ್ಯರನ್ನು ಕಾಣಲು ಹೇಳಿದ್ದೇನೆ.