ಬಸ್ಸಿನ ಕುಲುಕಾಟಕ್ಕೆ ಭ್ರೂಣ ಜಾರುವುದಿಲ್ಲ

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನನಗೆ 36 ವರ್ಷ. ಗಂಡ ದುಬೈಯಲ್ಲಿದ್ದಾರೆ, ಈಗ ರಜೆಯಲ್ಲಿ ಬಂದಿದ್ದಾರೆ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಐವಿಎಫ್ ಮಾಡಿಸಿದೆವು. ಎರಡು ಸಲ ಭ್ರೂಣ ಇಟ್ಟರು, ನಿಲ್ಲಲಿಲ್ಲ. ಎರಡೂ ಸಲ "4ಎಎ, ಒಳ್ಳೇ ಗ್ರೇಡ್" ಅಂದಿದ್ದರು. ತಲಪಾಡಿಯಿಂದೀಚೆ ಹೆದ್ದಾರಿ ಕೆಲಸದ ಹೊಂಡಗಳಲ್ಲಿ ಬಸ್ಸು ಕುಲುಕಿ ಜಾರಿಹೋಯಿತು ಎಂದು ಅತ್ತೆ ಹೇಳುತ್ತಾರೆ. ನಾಗದೋಷ ಎಂಬ ಮಾತೂ ಇದೆ. ಇನ್ನೆರಡು ಭ್ರೂಣ ಫ್ರೀಜ್ ಆಗಿ ಉಳಿದಿವೆ. ಈ ಸಲ ಗರ್ಭಕೋಶದ ಒಳಪದರ ಕೆರೆದು, ಇಂಟ್ರಾಲಿಪಿಡ್ ಡ್ರಿಪ್ ಕೊಟ್ಟು, ಗಂಡನ ರಜೆ ಮುಗಿಯುವುದರೊಳಗೆ ಇಡೋಣ ಎನ್ನುತ್ತಾರೆ. ನನ್ನ ರಿಪೋರ್ಟೆಲ್ಲ ಸರಿ ಇದೆ. ಮದುವೆಯಾದ ಹೊಸತರಲ್ಲಿ ಕಾಸರಗೋಡಿನಲ್ಲಿ ತೆಗೆಸಿದ ಡೈ ಎಕ್ಸ್‌ರೇಯಲ್ಲಿ ಮಾತ್ರ ಬಲಗಡೆಯ ಟ್ಯೂಬಿನ (ಅಂಡನಾಳದ) ತುದಿ ಊದಿದೆ ಅಂತ ಬರೆದಿತ್ತು. ಐವಿಎಫ್‌ಗೆ ಟ್ಯೂಬ್ ಬೇಡವಲ್ಲ ಎಂದು ಅದನ್ನು ಬಿಟ್ಟೆವು. ಯಾಕೆ ನಿಲ್ಲುತ್ತಿಲ್ಲ?
— ಹೆಸರು ಬೇಡ, ಬದಿಯಡ್ಕ

ಉತ್ತರ: ತಂಗೀ, ನಿಮ್ಮನ್ನು ಹೆಚ್ಚು ಕೊರೆಯುತ್ತಿರುವುದು ಆ ಬಸ್ಸು ಎಂದು ಕಾಣುತ್ತದೆ. ಮೊದಲು ಅದನ್ನೇ ಮುಗಿಸೋಣ.

ಗರ್ಭಕೋಶದ ಒಳಗೆ ತೆರೆದ ಖಾಲಿ ಜಾಗ ಇರುವುದಿಲ್ಲ. ಅದರ ಹಿಂದಿನ, ಮುಂದಿನ ಗೋಡೆಗಳು ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ. ಐದನೇ ದಿನದ ಭ್ರೂಣ ಒಂದು ಮಿಲಿಮೀಟರಿನ ಐದನೇ ಒಂದು ಪಾಲಿನಷ್ಟು. ಕಡುಬಿಗೆ ಹಿಟ್ಟು ಸವರಿ ಮಡಚಿದ ಬಾಳೆಲೆಯೊಳಗೆ ಸಿಕ್ಕಿಕೊಂಡ ರವೆಯ ಕಾಳಿನ ಹಾಗೆ ಅದು ಅಲ್ಲಿರುತ್ತದೆ. ಬಸ್ಸು ಕುಲುಕಿದರೂ, ಬಗ್ಗಿ ಅಡಿಕೆ ಹೆಕ್ಕಿದರೂ, ಮೂತ್ರಕ್ಕೆ ಹೋದರೂ ಜಾರಿ ಬೀಳುವುದಿಲ್ಲ. ಭ್ರೂಣ ಇಟ್ಟ ಮೇಲೆ ಹಾಸಿಗೆ ಬಿಡದೆ ಮಲಗಿದ್ದರಿಂದ ಲಾಭವಾದದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಅತ್ತೆಯವರಿಗೆ ಇಷ್ಟನ್ನು ಓದಿ ಹೇಳಿ. ನಾಗನಿಗೆ ತಂಬಿಲ ಕೊಡುವುದು ನಿಮ್ಮ ಭಕ್ತಿಯ ವಿಷಯ, ಕೊಡಿ. ದೋಷ ಹೊತ್ತವಳು ನಾನು ಎಂದು ಮಾತ್ರ ಅಂದುಕೊಳ್ಳಬೇಡಿ.

ಭ್ರೂಣ ನಿಲ್ಲದಿರುವುದಕ್ಕೆ ಎಲ್ಲಕ್ಕಿಂತ ಸಾಮಾನ್ಯವಾದ ಕಾರಣ ಭ್ರೂಣದೊಳಗೇ ಇರುತ್ತದೆ, ವಂಶವಾಹಿಗಳನ್ನು ಹೊತ್ತ ಎಳೆಗಳಾದ ಕ್ರೋಮೋಸೋಮುಗಳ ಲೆಕ್ಕ ತಪ್ಪಿರುವುದು. 46 ಇರಬೇಕಾದಲ್ಲಿ ಒಂದು ಹೆಚ್ಚೋ ಕಡಿಮೆಯೋ ಆದರೆ ಹೆಚ್ಚಿನವು ಅಂಟಿಕೊಳ್ಳುವುದಿಲ್ಲ, ಅಂಟಿದರೂ ಬೇಗನೆ ನಿಂತುಹೋಗುತ್ತವೆ. ಚಿಕ್ಕ ಪ್ರಾಯದವರಲ್ಲೂ ಸುಮಾರು ಮೂರರಲ್ಲೊಂದು ಭ್ರೂಣ ಹೀಗಿರುತ್ತದೆ, ನಲವತ್ತು ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು. 4ಎಎ ಎನ್ನುವುದು ಸೂಕ್ಷ್ಮದರ್ಶಕದಲ್ಲಿ ಕಾಣುವ ರೂಪಕ್ಕೆ ಕೊಟ್ಟ ಅಂಕ. ಕ್ರೋಮೋಸೋಮು ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ನಿಮ್ಮ ವಯಸ್ಸಿನಲ್ಲಿ ಎರಡು ಸಲ ನಿಲ್ಲದಿದ್ದರೆ ಅದು ಭ್ರೂಣದ ಕಾರಣಕ್ಕೇ ಆಗಿರಬಹುದು, ನಿಮ್ಮ ಮೈಯಲ್ಲಿ ಕಾಯಿಲೆ ಇರಲೇಬೇಕೆಂದಿಲ್ಲ.

ಇಷ್ಟಕ್ಕೇ ಉತ್ತರ ಮುಗಿಸುತ್ತಿದ್ದೆ, ಆ ಎಕ್ಸ್‌ರೇ ಮಾತು ಇಲ್ಲದಿದ್ದರೆ. ತುದಿ ಮುಚ್ಚಿ ಊದಿದ ಟ್ಯೂಬಿನಲ್ಲಿ ನೀರು ತುಂಬಿರುತ್ತದೆ, ಹೈಡ್ರೋಸಾಲ್ಪಿಂಕ್ಸ್ ಎನ್ನುತ್ತಾರೆ. ತುದಿ ಮುಚ್ಚಿದ್ದರಿಂದ ನೀರಿಗೆ ಹೊಟ್ಟೆಯ ಕಡೆ ದಾರಿಯಿಲ್ಲ, ಅದು ಹಿಮ್ಮುಖವಾಗಿ ಗರ್ಭಕೋಶದೊಳಕ್ಕೆ ಒಸರುತ್ತದೆ. ಭ್ರೂಣ ಅಂಟಿಕೊಳ್ಳಬೇಕಾದ ಜಾಗಕ್ಕೇ ಬರುತ್ತದೆ. ಇಂಥ ಟ್ಯೂಬ್ ಇದ್ದವರಲ್ಲಿ ಐವಿಎಫ್ ಯಶಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಐವಿಎಫ್‌ಗೆ ಟ್ಯೂಬ್ ಬೇಡ, ನಿಜ. ಅದಕ್ಕಾಗಿಯೇ, ಕೆಟ್ಟ ಟ್ಯೂಬನ್ನು ತೆಗೆದುಬಿಟ್ಟರೆ ನಿಮಗೆ ನಷ್ಟವಿಲ್ಲ. ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡುವ ಲ್ಯಾಪ್ರೋಸ್ಕೋಪಿಯಲ್ಲಿ ಅದನ್ನು ತೆಗೆಯುತ್ತಾರೆ, ಇಲ್ಲವೇ ಗರ್ಭಕೋಶ ಸೇರುವಲ್ಲಿ ಕ್ಲಿಪ್ ಹಾಕುತ್ತಾರೆ. ಆಮೇಲೆ ಭ್ರೂಣ ಇಟ್ಟವರಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಏರಿರುವುದು ಚೆನ್ನಾಗಿ ಸಾಬೀತಾಗಿದೆ.

ಫಿಲ್ಮ್ ನೋಡದೆ ನಿಮ್ಮದು ಅದೇ ಎಂದು ನಾನು ಹೇಳಲಾರೆ. ಹಳೆಯ ಫಿಲ್ಮ್ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ, "ಈ ಟ್ಯೂಬಿನಲ್ಲಿ ನೀರಿದೆಯೇ?" ಎಂದು ನೇರವಾಗಿ ಕೇಳಿ. ಒಳಗಿನ ಸ್ಕ್ಯಾನಿನಲ್ಲಿ ಒಮ್ಮೊಮ್ಮೆ ಅದು ಕಾಣುವುದಿಲ್ಲ, ಅದರಿಂದ "ಸ್ಕ್ಯಾನ್ ನಾರ್ಮಲ್" ಎಂದರೆ ಅಲ್ಲಿಗೇ ಬಿಡಬೇಡಿ. ಆಪರೇಷನ್ ಆಗುವುದಾದರೆ ಅದೇ ಅರಿವಳಿಕೆಯಲ್ಲಿ ಹಿಸ್ಟರೋಸ್ಕೋಪಿಯನ್ನೂ (ಗರ್ಭಕೋಶದೊಳಗೆ ಸಣ್ಣ ಕ್ಯಾಮೆರಾ ಹಾಕಿ ನೋಡುವುದು) ಮಾಡಲು ಹೇಳಿ. ಪಾಲಿಪ್, ಒಳಗೆ ಚಾಚಿದ ಗಡ್ಡೆ, ನಡುವಿನ ಪರದೆ, ಅಂಟಿಕೊಂಡ ಪದರ ಇದ್ದರೆ ಕಣ್ಣಿಗೆ ಬೀಳುತ್ತವೆ. ಒಳಪದರದ ತುಂಡನ್ನು ಹಳೆಯ ಸೋಂಕಿಗೂ ಕ್ಷಯಕ್ಕೂ ಪರೀಕ್ಷೆ ಮಾಡಿಸಿ. ನಮ್ಮ ದೇಶದಲ್ಲಿ ಟ್ಯೂಬ್ ಕೆಡಲು ಕ್ಷಯ ಒಂದು ಮುಖ್ಯ ಕಾರಣ, ಕೆಮ್ಮು ಜ್ವರ ಏನೂ ಇಲ್ಲದವರಲ್ಲೂ ಅದು ಅಡಗಿರುತ್ತದೆ. ಥೈರಾಯ್ಡ್, ಸಕ್ಕರೆ ನೋಡಿರಬಹುದು, ಹಳೆಯದಾಗಿದ್ದರೆ ಇನ್ನೊಮ್ಮೆ ನೋಡಿಸಿ.

ಇನ್ನು ಕೆರೆಯುವುದು, ಡ್ರಿಪ್. ಒಳಪದರ ಕೆರೆದರೆ ಭ್ರೂಣ ಚೆನ್ನಾಗಿ ಅಂಟುತ್ತದೆ ಎಂಬ ನಂಬಿಕೆ ಕೆಲವು ವರ್ಷ ಎಲ್ಲೆಡೆ ಇತ್ತು. 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ 1,364 ಹೆಂಗಸರಿದ್ದರು. ಕೆರೆದವರಲ್ಲಿ 100ಕ್ಕೆ 26 ಮಂದಿಗೆ ಮಗುವಾಯಿತು, ಕೆರೆಯದವರಲ್ಲೂ 100ಕ್ಕೆ 26. ಇಂಟ್ರಾಲಿಪಿಡ್ ಎಂದರೆ ಬಾಯಲ್ಲಿ ಉಣ್ಣಲಾಗದ ರೋಗಿಗಳಿಗೆ ರಕ್ತನಾಳದ ಮೂಲಕ ಕೊಡುವ ಸೋಯಾ ಎಣ್ಣೆಯ ದ್ರಾವಣ. ಭ್ರೂಣ ನಿಲ್ಲಿಸಲು ಅದನ್ನು ಬಳಸುವುದು ಬೇಡವೆಂದು ಯುರೋಪಿನ ತಜ್ಞರ ಸಂಘ ಎಶ್ರೆ 2023ರಲ್ಲಿ ಹೇಳಿದೆ. ಮರಳುಗಾಡಿನ ಬಿಸಿಲಿನಲ್ಲಿ ದುಡಿದ ಹಣ ಅದು. ಅದನ್ನು ಡ್ರಿಪ್ಪಿಗೆ ಹಾಕುವ ಬದಲು ಟ್ಯೂಬಿನ ಆಪರೇಷನ್ನಿಗೆ ಇಟ್ಟುಕೊಳ್ಳಿ ಎಂದು ನಿಮ್ಮ ಅಕ್ಕನ ಸ್ಥಾನದಲ್ಲಿ ನಿಂತು ಹೇಳುತ್ತಿದ್ದೇನೆ.

ರಜೆಯ ಅವಸರವನ್ನೂ ಬಿಡಿ. ಫ್ರೀಜ್ ಆದ ಭ್ರೂಣಕ್ಕೆ ವಯಸ್ಸಾಗುವುದಿಲ್ಲ, ಐವಿಎಫ್‌ನಂಥ ಚಿಕಿತ್ಸೆಗಳ ಬಗ್ಗೆ ನಮ್ಮ ದೇಶದ 2021ರ ಕಾನೂನಿನಲ್ಲಿ ಅದನ್ನು 10 ವರ್ಷದ ವರೆಗೆ ಇಡಲು ಅವಕಾಶವಿದೆ. ಟ್ಯೂಬಿನ ಕೆಲಸ ಮುಗಿಸಿ, ಒಂದೆರಡು ತಿಂಗಳು ಬಿಟ್ಟು, ಒಂದೊಂದೇ ಭ್ರೂಣ ಇಡಿಸಿಕೊಳ್ಳಿ. ಗಂಡನ ಪಾಲಿನ ಕೆಲಸ ಭ್ರೂಣ ಆದ ದಿನವೇ ಮುಗಿದಿದೆ, ಇಡುವಾಗ ಅವರು ಪಕ್ಕದಲ್ಲಿರಬೇಕೆಂದಿಲ್ಲ. ಯಾವ ಒಪ್ಪಿಗೆ ಪತ್ರಗಳಿಗೆ ಅವರ ಸಹಿ ಬೇಕೆಂದು ವಿಮಾನ ಹತ್ತುವ ಮುಂಚೆ ಆಸ್ಪತ್ರೆಯಲ್ಲಿ ಕೇಳಿಕೊಳ್ಳಲಿ.