ಕಾಯಿಲೆ ಇರುವ ಅನಾಥ ಮಕ್ಕಳಿಗೆ ಮನೆ ನಡೆಸುವುದಾದರೆ ಮೊದಲು ರಾತ್ರಿ ಪಾಳಿಯ ಲೆಕ್ಕ ಹಾಕಿ

ಬೀಳಗಿ ಹತ್ತಿರ ಅಜ್ಜನ ಕಾಲದ ದೊಡ್ಡ ಮನೆ ಖಾಲಿ ಇದೆ, ಟ್ರಸ್ಟ್ ಮಾಡಿಕೊಂಡಿದ್ದೇವೆ, ಸೀಳು ತುಟಿ, ಫಿಟ್ಸ್, ಹೃದಯದ ತೊಂದರೆ ಇರುವ 25 ಅನಾಥ ಮಕ್ಕಳನ್ನು ಸಾಕಬೇಕೆಂದಿದ್ದೇವೆ, ಏನೇನು ಬೇಕು ಎಂದು ಕೇಳಿದ್ದೀರಿ. ಇಂಥ ಮನೆಗಳಲ್ಲಿ ಆರೈಕೆಯ ಉಸ್ತುವಾರಿ ನೋಡುವುದೇ ನನ್ನ ಕೆಲಸ. ನೇರವಾಗಿ ಹೇಳುತ್ತೇನೆ: 25 ಬೇಡ, ಆರರಿಂದ ಶುರು ಮಾಡಿ. ಮನೆಯಲ್ಲಿ ಎಷ್ಟು ಮಂಚ ಹಿಡಿಯುತ್ತವೆ ಎಂದು ನೋಡಿ ಸಂಖ್ಯೆ ಇಟ್ಟುಕೊಳ್ಳಬಾರದು. ರಾತ್ರಿ ಎರಡಕ್ಕೆ ಎಚ್ಚರವಿರುವ, ಕೆಲಸ ಕಲಿತ ಕೈಗಳು ಎಷ್ಟಿವೆ ಎಂದು ನೋಡಬೇಕು.

ಲೆಕ್ಕ ಹೀಗಿದೆ. ಒಂದು ಜಾಗದಲ್ಲಿ ಹಗಲೂ ರಾತ್ರಿ ಒಬ್ಬರು ಇರಬೇಕೆಂದರೆ ವಾರಕ್ಕೆ 168 ತಾಸು. ಒಬ್ಬ ಆಯಾ ವಾರಕ್ಕೆ 48 ತಾಸು ದುಡಿದರೆ ಮೂರೂವರೆ ಮಂದಿ ಬೇಕು. ರಜೆ, ಜಾತ್ರೆ, ಮದುವೆ, ಅವರದೇ ಜ್ವರ ನೆಗಡಿ ಸೇರಿಸಿದರೆ ನಾಲ್ಕೂವರೆಗೆ ಹೋಗುತ್ತದೆ. ಆರು ಮಕ್ಕಳಲ್ಲಿ ಇಬ್ಬರಿಗೆ ಎರಡು ಮೂರು ತಾಸಿಗೊಮ್ಮೆ ಹಾಲು, ಒಬ್ಬರಿಗೆ ಮಗ್ಗುಲು ಬದಲಿಸುವುದು, ಇನ್ನೊಬ್ಬರಿಗೆ ಫಿಟ್ಸ್ ಎಂದರೆ ರಾತ್ರಿ ಇಬ್ಬರು ಬೇಕೇ ಬೇಕು. ಒಬ್ಬರು ಮಗುವನ್ನೆತ್ತಿಕೊಂಡು 108 ಹತ್ತಿದರೆ ಉಳಿದ ಐವರನ್ನು ನೋಡುವವರು ಯಾರು? ಹಾಗಾಗಿ ಆರು ಮಕ್ಕಳಿಗೇ ಒಂಬತ್ತು ಮಂದಿ ಆಯಾಗಳು, ಜೊತೆಗೆ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದ ಸಿಸ್ಟರ್ ಒಬ್ಬರಾದರೂ. ತಿಂಗಳ ಖರ್ಚಿನಲ್ಲಿ ದೊಡ್ಡ ಪಾಲು ಪಗಾರಕ್ಕೇ ಹೋಗುತ್ತದೆ. ಆರು ತಿಂಗಳ ಪಗಾರದ ರೊಕ್ಕ ಬ್ಯಾಂಕಿನಲ್ಲಿ ಇಲ್ಲದೆ ಬಾಗಿಲು ತೆರೆಯಬೇಡಿ. ಪಗಾರ ತಡವಾದರೆ ಮೊದಲು ಬಿಟ್ಟು ಹೋಗುವವರು ರಾತ್ರಿ ಪಾಳಿಯವರು, ಅವರ ಜಾಗ ತುಂಬುವುದು ಎಲ್ಲಕ್ಕಿಂತ ಕಷ್ಟ.

ನೋಂದಣಿ ಆಗದೆ ಒಂದು ಮಗುವನ್ನೂ ಒಳಗೆ ಕರೆದುಕೊಳ್ಳುವಂತಿಲ್ಲ. ಬಾಲ ನ್ಯಾಯ ಕಾಯ್ದೆ 2015ರ 41ನೇ ಕಲಂ ಪ್ರಕಾರ ನೋಂದಣಿ ಕಡ್ಡಾಯ, ಅವಧಿ 5 ವರ್ಷ. ಅರ್ಜಿ ಹೋಗುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ. ನೋಂದಣಿಯಿಲ್ಲದೆ ನಡೆಸಿದರೆ 42ನೇ ಕಲಂನಲ್ಲಿ ಒಂದು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ಆರು ವರ್ಷದೊಳಗಿನ ಅನಾಥ ಮಕ್ಕಳನ್ನು ದತ್ತು ಕೊಡುವ ಕೆಲಸ ವಿಶೇಷ ದತ್ತು ಸಂಸ್ಥೆಯದು, ಅದರ ಮಾನ್ಯತೆ ಬೇರೆ. ನಮ್ಮ ಕಡೆ ಮಠಗಳಲ್ಲಿ ದಾಸೋಹದ ರೂಢಿ ದೊಡ್ಡದು, ಬಂದವರನ್ನು ಬೇಡ ಎನ್ನುವುದಿಲ್ಲ. ಅದೇ ಮನಸ್ಸಿನಿಂದ ಯಾರೋ ಬಾಗಿಲಲ್ಲಿ ಬಿಟ್ಟು ಹೋದ ಕೂಸನ್ನು ಇಟ್ಟುಕೊಂಡವರು ಆಮೇಲೆ ಪೇಚಿಗೆ ಸಿಕ್ಕಿದ್ದಾರೆ. ಕೂಸು ಸಿಕ್ಕ ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದಾರಿಯ ಸಮಯ ಬಿಟ್ಟು 24 ತಾಸಿನೊಳಗೆ ಅದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರಾಗಬೇಕು. ಸಮಿತಿಯ ಆದೇಶವೇ ಮಗುವಿಗೆ ನಿಮ್ಮ ಮನೆಯ ಬಾಗಿಲು ತೆರೆಯುವ ಕಾಗದ.

ಈಗ ಮನೆ. ಬಾಗಲಕೋಟೆಯ ನವನಗರದಲ್ಲಿ ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ದವಾಖಾನೆ ಇದೆ, ವಿಜಯಪುರದಲ್ಲಿ ಬಿಎಲ್‌ಡಿಇಯ ಬಿ.ಎಂ. ಪಾಟೀಲ ದವಾಖಾನೆ, ಬೆಳಗಾವಿಯಲ್ಲಿ ಬಿಮ್ಸ್ ಮತ್ತು ಕೆಎಲ್‌ಇ. ಇವುಗಳಲ್ಲಿ ಒಂದಕ್ಕೆ ರಾತ್ರಿ ಹೊತ್ತು ಅರ್ಧ ತಾಸಿನಲ್ಲಿ ಮುಟ್ಟುವಂತಿದ್ದರೆ ಮಾತ್ರ ಆಕ್ಸಿಜನ್ ಬೇಕಾಗುವ, ಫಿಟ್ಸ್ ಹತೋಟಿಗೆ ಬಾರದ ಮಕ್ಕಳನ್ನು ಒಪ್ಪಿಕೊಳ್ಳಿ. ದಾರಿಯನ್ನು ಜೂನ್‌ನಲ್ಲಿ ಅಳೆಯಬೇಡಿ. ಕಬ್ಬಿನ ಹಂಗಾಮಿನಲ್ಲಿ, ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತಿರುವಾಗ ಅಳೆಯಿರಿ. ಅದೇ ಹಂಗಾಮಿನಲ್ಲಿ ಹೊಲದಲ್ಲಿ ರವದಿ (ಕಬ್ಬಿನ ಒಣ ಗರಿ) ಸುಡುತ್ತಾರೆ. ಎದೆ ಸೂಕ್ಷ್ಮವಿರುವ ಮಕ್ಕಳ ಕೋಣೆಯ ಕಿಟಕಿ ಹೊಲದ ಕಡೆಗಿದ್ದರೆ ಬೇರೆ ಕೋಣೆ ಕೊಡಿ. ಹಳೆಯ ಮನೆಯ ಎತ್ತರದ ಹೊಸ್ತಿಲುಗಳನ್ನು ತೆಗೆಸಿ, ಇಲ್ಲದಿದ್ದರೆ ಗಾಲಿಕುರ್ಚಿ ಹಾಯುವುದಿಲ್ಲ.

ನೀರು ಪರೀಕ್ಷೆ ಮಾಡಿಸುವುದು ಕಡ್ಡಾಯ. ನಮ್ಮ ಭಾಗದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ಕೂಸಿನ ಹಾಲಿಗೆ ಆರ್‌ಒ ನೀರನ್ನೇ ಕುದಿಸಿ ಬಳಸಿ.

ಕರೆಂಟ್ ವಿಷಯದಲ್ಲಿ ಅಂದಾಜು ನಡೆಯುವುದಿಲ್ಲ. 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ತೆಗೆದುಕೊಡುವ ಯಂತ್ರ) ಸುಮಾರು 350 ವ್ಯಾಟ್ ಎಳೆಯುತ್ತದೆ. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ ಹೆಸರಿಗೆ 1800 ವ್ಯಾಟ್-ಅವರ್ ಇದ್ದರೂ ಇನ್ವರ್ಟರಿನ ನಷ್ಟ ಕಳೆದು, ಬ್ಯಾಟರಿ ಪೂರ್ತಿ ಬರಿದಾಗದಂತೆ ನೋಡಿಕೊಂಡರೆ ಮೂರು ತಾಸು ಬಂದೀತು. ಅದಕ್ಕೇ ಬಿ ಟೈಪ್ ಸಿಲಿಂಡರ್ ಪಕ್ಕದಲ್ಲಿರಬೇಕು: 1500 ಲೀಟರ್, ನಿಮಿಷಕ್ಕೆ 1 ಲೀಟರಿನಂತೆ 25 ತಾಸು. ಸಿಲಿಂಡರ್ ತುಂಬಿರುತ್ತದೆ, ತೆರೆಯುವ ಕೀಲಿ ಮಾತ್ರ ಸ್ಟೋರ್ ರೂಮಿನಲ್ಲಿ ಬೀಗದೊಳಗಿರುತ್ತದೆ. ಇದು ಮತ್ತೆ ಮತ್ತೆ ಆಗುವ ಎಡವಟ್ಟು. ಕೀಲಿಯನ್ನು ಸರಪಳಿ ಹಾಕಿ ಸಿಲಿಂಡರಿಗೇ ಕಟ್ಟಿ.

ಉಣಿಸುವುದರ ಬಗ್ಗೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಏಕೆಂದರೆ ಇಂಥ ಮಕ್ಕಳು ಹೆಚ್ಚಾಗಿ ಸೋಲುವುದು ಇಲ್ಲೇ. ಸೀಳು ಅಂಗುಳಿನ ಕೂಸು ಮೊಲೆತೊಟ್ಟಾಗಲಿ ಸಾದಾ ಬಾಟಲಿಯಾಗಲಿ ಚೀಪಲಾರದು, ಬಾಯೊಳಗೆ ಎಳೆತ ಹುಟ್ಟುವುದೇ ಇಲ್ಲ. ಒತ್ತಿದರೆ ಹಾಲು ಬರುವ ಮೆತ್ತನೆ ಬಾಟಲಿ ಬೇಕು, ಸಿಗದಿದ್ದರೆ ಒಳಲೆ (ಕೂಸಿಗೆ ಹಾಲು ಕುಡಿಸುವ ಮೂತಿಯ ಬಟ್ಟಲು) ಸಾಕು. ಕೂಸನ್ನು ಮಲಗಿಸದೆ ತಲೆ ಎತ್ತರವಾಗಿ, ಹೆಚ್ಚುಕಡಿಮೆ ಕೂತಂತೆ ಹಿಡಿಯಬೇಕು. ತೊಟ್ಟನ್ನು ಸೀಳಿಲ್ಲದ ಮಗ್ಗುಲಿಗೆ ಇಟ್ಟು, ಕೂಸು ನುಂಗುವ ಲಯಕ್ಕೆ ತಕ್ಕಂತೆ ಒತ್ತಬೇಕು, ನಮ್ಮ ಅವಸರಕ್ಕಲ್ಲ. ಮೂಗಿನಿಂದ ಹಾಲು ಬಂದರೆ ನಿಲ್ಲಿಸಿ, ಮುಂದಕ್ಕೆ ಬಾಗಿಸಿ, ಒರೆಸಿ, ಮತ್ತೆ ಶುರು ಮಾಡಿ. ಗಾಳಿ ಹೆಚ್ಚು ನುಂಗುತ್ತದೆ, ನಡುನಡುವೆ ತೇಗಿಸಿ. ಅರ್ಧ ತಾಸಿನೊಳಗೆ ಮುಗಿಯಬೇಕು, ಅದಕ್ಕಿಂತ ಎಳೆದರೆ ಕುಡಿದ ಶಕ್ತಿಯೆಲ್ಲ ಕುಡಿಯುವುದಕ್ಕೇ ಖರ್ಚಾಗುತ್ತದೆ. ಸಾಮಾನ್ಯ ಲೆಕ್ಕ ದಿನಕ್ಕೆ ಕಿಲೋಗೆ 150 ಎಂ.ಎಲ್., ಅಂದರೆ 3 ಕಿಲೋ ಕೂಸಿಗೆ 450, ಎಂಟು ಸಲಕ್ಕೆ ಹಂಚಿದರೆ ಸಲಕ್ಕೆ 55ರ ಆಸುಪಾಸು. ಹೃದಯದ ತೊಂದರೆ ಇರುವ ಕೂಸಿಗೆ ಈ ಲೆಕ್ಕ ಹಾಕಬೇಡಿ, ಅದರ ಪ್ರಮಾಣವನ್ನು ವೈದ್ಯರೇ ಬರೆದುಕೊಡಬೇಕು.

ಪುಡಿ ಹಾಲಿಗೆ ಡಬ್ಬಿಯಲ್ಲಿರುವ ಚಮಚವನ್ನೇ ಬಳಸಿ, ಅಂಚಿಗೆ ಸಮ ಮಾಡಿ. ಎಷ್ಟು ನೀರಿಗೆ ಎಷ್ಟು ಚಮಚ ಎಂಬುದು ಡಬ್ಬಿಯ ಮೇಲಿರುತ್ತದೆ, ಬಹಳಷ್ಟರಲ್ಲಿ 30 ಎಂ.ಎಲ್.ಗೆ ಒಂದು. ಡಬ್ಬಿ ತೀರುತ್ತಾ ಬಂದಾಗ ಆಯಾಗಳು ಉಳಿಸಲೆಂದು ನೀರು ಹೆಚ್ಚಿಸುತ್ತಾರೆ. ಬೈದು ಪ್ರಯೋಜನವಿಲ್ಲ, ಕೊನೆಯ ಎರಡು ಡಬ್ಬಿ ಉಳಿದಾಗಲೇ ಹೊಸದು ಬರುವಂತೆ ನೋಡಿಕೊಳ್ಳಿ. ಮೊದಲ ಮೂರು ತಿಂಗಳ ಕೂಸು ದಿನಕ್ಕೆ 20ರಿಂದ 30 ಗ್ರಾಂ ಏರಬೇಕು. ಒಂದೇ ತಕ್ಕಡಿ, ಒಂದೇ ಹೊತ್ತು, ಬಟ್ಟೆಯಿಲ್ಲದೆ ತೂಗಿ. ತುಟಿಯ ಆಪರೇಷನ್ನಿಗೆ ಹತ್ತು ವಾರ, ನಾಲ್ಕೂವರೆ ಕಿಲೋ, ಹಿಮೋಗ್ಲೋಬಿನ್ 10 ಎಂಬ ಹಳೆಯ ಅಳತೆ ಇದೆ. ತೂಕ ಏರದಿದ್ದರೆ ದಿನಾಂಕ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಕೈ ಹತೋಟಿ ತಪ್ಪುವುದು) ಇರುವ ಮಗುವಿಗೆ ಕತ್ತು ಹಿಂದಕ್ಕೆ ವಾಲಿಸಿ ಅಂಬಲಿ ಹೊಯ್ಯುವುದನ್ನು ಮೊದಲ ದಿನವೇ ನಿಲ್ಲಿಸಿ, ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಗದ್ದ ತುಸು ಕೆಳಗೆ, ಬೆನ್ನು ನೆಟ್ಟಗೆ, ಉಂಡ ಮೇಲೆ ಅರ್ಧ ತಾಸು ಕೂತೇ ಇರಬೇಕು.

ಔಷಧದ ಚಾರ್ಟಿನಲ್ಲಿ ಮಿಲಿಗ್ರಾಂ ಮತ್ತು ಎಂ.ಎಲ್. ಎರಡೂ ಇರಲಿ, ಬಾಟಲಿಯ ಶಕ್ತಿಯೂ ಇರಲಿ. ಪ್ಯಾರಾಸಿಟಮಾಲ್ ಸಿರಪ್ ಒಂದು 5 ಎಂ.ಎಲ್.ಗೆ 120 ಮಿ.ಗ್ರಾಂ, ಇನ್ನೊಂದು 250. ದಾನಿಗಳು ತಂದ ಬಾಟಲಿ ಬೇರೆಯಾಗಿದ್ದರೆ ಅದೇ ಚಮಚದಲ್ಲಿ ಡೋಸ್ ಎರಡು ಪಟ್ಟಾಗುತ್ತದೆ. ಚಮಚವೇ ಬೇಡ, ಸೂಜಿಯಿಲ್ಲದ ಸಿರಿಂಜ್ ಬಳಸಿ. ಫೆನಿಟೋಯಿನ್ ಸಿರಪ್ ತಳಕ್ಕೆ ಇಳಿಯುತ್ತದೆ. ಕುಲುಕದೆ ಕೊಟ್ಟರೆ ಬಾಟಲಿಯ ಮೊದಲರ್ಧದಲ್ಲಿ ಔಷಧ ಸಾಲದೆ ಫಿಟ್ಸ್, ಕೊನೆಯಲ್ಲಿ ಹೆಚ್ಚಾಗಿ ಮಂಪರು. ಫಿಟ್ಸಿನ ಔಷಧ ಒಂದು ದಿನವೂ ತಪ್ಪಬಾರದು, 15 ದಿನದ್ದು ಕೈಯಲ್ಲಿರಲಿ. ಫಿಟ್ಸ್ ಬಂದಾಗ ಮೊದಲು ಗಡಿಯಾರ ನೋಡಿ, ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ಹಾಕಬೇಡಿ. ಐದು ನಿಮಿಷ ದಾಟಿದರೆ ವೈದ್ಯರು ಬರೆದ ಮೂಗಿನ ಸ್ಪ್ರೇ, ಕೂಡಲೇ 108. ತಲೆಯಲ್ಲಿ ನೀರು ತುಂಬಿ ಶಂಟ್ (ಆ ನೀರನ್ನು ಹರಿಸುವ ಸಣ್ಣ ನಳಿಕೆ) ಹಾಕಿಸಿಕೊಂಡ ಮಗು ವಾಂತಿ ಮಾಡಿ ಮಂಕಾದರೆ ಅಜೀರ್ಣವೆಂದು ಮುಂಜಾನೆವರೆಗೆ ಕಾಯುವಂತಿಲ್ಲ, ಶಂಟ್ ಕಟ್ಟಿಕೊಂಡಿದೆ ಎಂದೇ ತಿಳಿದು ಹೊರಡಿ.

ದವಾಖಾನೆಯಲ್ಲಿ ಕೇಳುವ ಮೊದಲ ಪ್ರಶ್ನೆ ಸಹಿ ಯಾರದು ಎಂಬುದು. ಆಪರೇಷನ್ ದಿನ ಸಮಿತಿಯ ಆದೇಶ ಹುಡುಕುತ್ತ ಕೂರಬೇಡಿ, ದಿನಾಂಕ ಗೊತ್ತಾದ ಕೂಡಲೇ ಲಿಖಿತ ಅನುಮತಿಗೆ ಪತ್ರ ಕೊಡಿ. ಪ್ರತಿ ಮಗುವಿಗೆ ಒಂದು ಫೈಲ್: ಸಮಿತಿಯ ಆದೇಶ, ಹೊಸದಾಗಿ ಮಾಡಿಸಿದ 'ತಾಯಿ ಕಾರ್ಡ್'ನಲ್ಲಿ ಲಸಿಕೆಯ ದಾಖಲೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ), ತೂಕದ ಹಾಳೆ, ಈಗಿನ ಔಷಧ. ಫೈಲಿನ ಮೊದಲ ಪುಟ ರಾತ್ರಿ ಪಾಳಿಯ ಆಯಾ ಓದಿ ಹೇಳುವಷ್ಟು ಸರಳವಾಗಿರಲಿ. ತಪಾಸಣೆಗೆ, ಮುಂದಿನ ದವಾಖಾನೆಗೆ ಕಳಿಸುವುದಕ್ಕೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವನ್ನು ಹಿಡಿಯಿರಿ, ಅದು 18 ವರ್ಷದವರೆಗಿನ ಮಕ್ಕಳಿಗೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ ಇರುವವರಿಗೆ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷದವರೆಗೆ ಸಿಗುತ್ತದೆ. ಎಚ್‌ಐವಿ ಇರುವ ತಾಯಿಯ ಕೂಸಿಗೆ ಮಾಡುವ ಸಾದಾ ಆಂಟಿಬಾಡಿ ಪರೀಕ್ಷೆ 18 ತಿಂಗಳವರೆಗೆ ತಾಯಿಯದನ್ನೇ ತೋರಿಸಬಹುದು. ಅದನ್ನು ನೋಡಿ ಕೂಸಿಗೆ ಹಣೆಪಟ್ಟಿ ಕಟ್ಟಬೇಡಿ, ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರದಲ್ಲಿ (ಐಸಿಟಿಸಿ) ಆರು ವಾರಕ್ಕೆ ಮಾಡುವ ಬೇರೆ ಪರೀಕ್ಷೆ ಇದೆ.

ದಾನಿಗಳನ್ನು ಗೌರವದಿಂದ ತಡೆಯಬೇಕಾಗುತ್ತದೆ. ಹುಟ್ಟುಹಬ್ಬಕ್ಕೆ ಕೇಕ್ ತಂದು ಎಲ್ಲರ ಬಾಯಿಗೂ ಇಡುತ್ತೇವೆ ಎನ್ನುವವರಿಗೆ ಡೈಪರ್ ಲೆಕ್ಕ ಕೊಡಿ: ದಿನಕ್ಕೆ ಏಳರಂತೆ ಆರು ಕೂಸುಗಳಿಗೆ ತಿಂಗಳಿಗೆ 1260. ಅದಕ್ಕಿಂತ ಒಳ್ಳೆಯದು ಒಬ್ಬ ರಾತ್ರಿ ಆಯಾಳ ಪಗಾರ. ಮಗುವಿನ ಮುಖದ ಫೋಟೊ ಹಾಕಿ ರೊಕ್ಕ ಕೇಳುವುದು ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ, ಮತ್ತು ಆ ಮಗು ದೊಡ್ಡದಾದ ಮೇಲೆ ಆ ಫೋಟೊ ಅಳಿಸಲು ಆಗುವುದಿಲ್ಲ.

ಮಗು ನಿಮ್ಮಲ್ಲೇ ಬೆಳೆಯಲಿ ಎಂಬ ಆಸೆ ಸಹಜ, ಆದರೆ ಕೆಲಸ ಅದಲ್ಲ. ಅನಾಥ ಮಗುವನ್ನು ಕಾನೂನಿನಂತೆ ದತ್ತು ಕೊಡಬಹುದು ಎಂದು ಸಮಿತಿ ಘೋಷಿಸಲು ಎರಡು ವರ್ಷದವರೆಗಿನವರಿಗೆ ಎರಡು ತಿಂಗಳು, ದೊಡ್ಡವರಿಗೆ ನಾಲ್ಕು ತಿಂಗಳ ಅವಧಿ ಇದೆ. ವೈದ್ಯಕೀಯ ವರದಿ ಹಳೆಯದಾಗಿದ್ದರೆ ದತ್ತು ಕೇಳುವ ಕುಟುಂಬ ಹೆದರುತ್ತದೆ. ಆಪರೇಷನ್ ಆದ ಮೇಲಿನ ವರದಿ, ತೂಕ, ಮಗು ಈಗ ಏನೇನು ಮಾಡುತ್ತದೆ ಎಂಬುದನ್ನು ಆಗಾಗ ಹೊಸದು ಮಾಡಿ. ದತ್ತು ಹೋಗದೆ 18 ದಾಟುವ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ ಅಥವಾ ಬಹು ಅಂಗವೈಕಲ್ಯ ಇರುವವರಿಗೆ ಪಾಲಕರನ್ನು ನೇಮಿಸುವುದು, ರಾಷ್ಟ್ರೀಯ ನ್ಯಾಸ ಕಾಯ್ದೆ 1999ರಂತೆ, ಜಿಲ್ಲೆಯ ಸ್ಥಳೀಯ ಸಮಿತಿ. ಆ ಅರ್ಜಿಯನ್ನು 17ರಲ್ಲೇ ತಯಾರಿಸಿಡಿ.

ಇಷ್ಟೆಲ್ಲ ಓದಿ ಒಂಬತ್ತು ಮಂದಿಯ ಪಗಾರ ಆಗದು ಅನ್ನಿಸಿದರೆ ಇನ್ನೊಂದು ದಾರಿ ಇದೆ. ಬಾಲ ನ್ಯಾಯ ಕಾಯ್ದೆಯ 44ನೇ ಕಲಂನ ಪೋಷಕತ್ವದಲ್ಲಿ (ಫಾಸ್ಟರ್ ಕೇರ್) ನಿಮ್ಮ ಸ್ವಂತ ಕುಟುಂಬವೇ ಒಂದು ಮಗುವನ್ನು ಸಾಕಬಹುದು, ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4000 ರೂಪಾಯಿ ನೆರವಿದೆ. ಯಾವ ದಾರಿಯಾದರೂ ಮೊದಲು ಹೋಗಬೇಕಾದ್ದು ಬಾಗಲಕೋಟೆಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅಲ್ಲಿ ಕಟ್ಟಡದ ಮಾತು ತೆಗೆಯುವ ಮುಂಚೆ, ಈಗ ಜಾಗ ಸಿಗದೆ ಕಾಯುತ್ತಿರುವ ಮಕ್ಕಳಿಗೆ ಯಾವ ಯಾವ ಕಾಯಿಲೆಗಳಿವೆ ಎಂದು ಕೇಳಿ. ಆ ಉತ್ತರ ನೋಡಿಕೊಂಡು ಎರಡು ಬಗೆಯನ್ನಷ್ಟೇ ಆರಿಸಿಕೊಂಡು, ಆಯಾಗಳನ್ನು ಆ ಮಕ್ಕಳಿರುವ ವಾರ್ಡಿನಲ್ಲಿ ಹದಿನೈದು ದಿನ ಸಿಸ್ಟರುಗಳ ಜೊತೆ ಕಲಿಯಲು ಬಿಡಿ, ಅದರಲ್ಲಿ ಅರ್ಧ ರಾತ್ರಿ ಪಾಳಿಯಾಗಿರಲಿ.