ಲೇಔಟ್‌ನವರು ಪಂಚಾಯಿತಿ ಚುನಾವಣೆಯಲ್ಲಿ ಅಭ್ಯರ್ಥಿಗಳ ಹತ್ತಿರ ಏನು ಕೇಳಬೇಕು?

ನಿಮ್ಮ ಪ್ರಶ್ನೆ ಇಷ್ಟು: ಆನೇಕಲ್ ತಾಲೂಕಿನ ಗ್ರಾಮ ಪಂಚಾಯಿತಿ ವ್ಯಾಪ್ತಿಯ ಲೇಔಟ್, 200ಕ್ಕೂ ಹೆಚ್ಚು ಮನೆ. ಪಾರ್ಕ್ ಎಂದು ತೋರಿಸಿದ್ದ ಜಾಗದಲ್ಲಿ ಈಗ ಸೈಟಿನ ಕಲ್ಲು ನೆಡುತ್ತಿದ್ದಾರೆ, ಚರಂಡಿ ನೀರು ಕೆರೆಗೆ ಹೋಗುತ್ತಿದೆ. ವೋಟು ಕೇಳಲು ಬಂದವರ ಹತ್ತಿರ ಏನು ಕೇಳಬೇಕು, ಕೇಳಿ ಪ್ರಯೋಜನ ಇದೆಯಾ?

ಇದೆ. ಆದರೆ ‘ಪಾರ್ಕ್ ಉಳಿಸಿಕೊಡಿ’ ಎಂದರೆ ‘ಆಯ್ತು ಸಾರ್, ನಾವಿದ್ದೀವಲ್ಲ’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಪಂಚಾಯಿತಿ ಸದಸ್ಯರ ಕೈಯಲ್ಲಿರುವ ಗಟ್ಟಿ ಆಯುಧ ಅಂದರೆ ಸಾಮಾನ್ಯ ಸಭೆಯ ನಡಾವಳಿ, ಅಂದರೆ ಸಭೆಯ ನಿರ್ಣಯಗಳನ್ನು ಬರೆದಿಡುವ ದಾಖಲೆ. ಭರವಸೆ ಬೇಡ, ಯಾವ ಸರ್ವೆ ನಂಬರಿನ ಬಗ್ಗೆ ಯಾವ ನಿರ್ಣಯ ಮಂಡಿಸುತ್ತೀರಿ ಎಂದು ಕೇಳಿ. ಹಾಗೆ ಕೇಳುವ ಮುಂಚೆ ನಿಮ್ಮ ಕಡೆಯಿಂದ ಎರಡು ಕೆಲಸ ಆಗಿರಬೇಕು: ವೋಟು ಇಲ್ಲಿರಬೇಕು, ಕಾಗದ ಕೈಯಲ್ಲಿರಬೇಕು.

ಮೊದಲು ವೋಟು. ಪಂಚಾಯಿತಿ ಚುನಾವಣೆಗೆ ಹೊಸದಾಗಿ ಪಟ್ಟಿ ಬರೆಯುವುದಿಲ್ಲ. ವಿಧಾನಸಭೆಯ ಮತದಾರರ ಪಟ್ಟಿಯನ್ನೇ ಪಂಚಾಯಿತಿ ಮತಕ್ಷೇತ್ರಗಳಿಗೆ ತಕ್ಕಂತೆ ವಿಂಗಡಿಸುತ್ತಾರೆ. ನಿಮ್ಮ ಹೆಸರು ಇನ್ನೂ ಬಿಟಿಎಂ ಲೇಔಟ್‌ನಲ್ಲೋ ಬೊಮ್ಮನಹಳ್ಳಿಯಲ್ಲೋ ಇದ್ದರೆ ಇಲ್ಲಿ ನೀವು ಲೆಕ್ಕಕ್ಕೇ ಇಲ್ಲ, ಅದು ಅಭ್ಯರ್ಥಿಗೂ ಚೆನ್ನಾಗಿ ಗೊತ್ತಿರುತ್ತದೆ. ವಿಳಾಸ ಬದಲಾವಣೆಗೆ ನಮೂನೆ 8. ಮೊದಲ ಬಾರಿ ಹೆಸರು ಸೇರಿಸುವವರಿಗೆ ಮಾತ್ರ ನಮೂನೆ 6. ಇಲ್ಲೇ ತುಂಬಾ ಜನ ಎಡವುತ್ತಾರೆ: ಹಳೆಯ ಹೆಸರನ್ನು ಹಾಗೇ ಬಿಟ್ಟು ಹೊಸದಾಗಿ 6 ತುಂಬುತ್ತಾರೆ, ಎರಡು ಕಡೆ ಹೆಸರು ಸಿಕ್ಕಿ ಅರ್ಜಿ ತಿರಸ್ಕೃತವಾಗುತ್ತದೆ. ಇನ್ನೊಂದು ತೊಂದರೆ ಮನೆ ನಂಬರಿನದು. ನಿಮ್ಮ ಗೇಟಿನ ಮೇಲೆ ಇರುವುದು ಸೈಟ್ ನಂಬರ್, ಪಂಚಾಯಿತಿ ಪುಸ್ತಕದಲ್ಲಿರುವುದು ಬೇರೆ ಸ್ವತ್ತಿನ ನಂಬರ್. ಬಿಎಲ್‌ಒ (ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ) ಬಂದು ಹುಡುಕಿ, ಮನೆ ಸಿಗಲಿಲ್ಲ ಎಂದು ಬರೆದು ಹೋಗುತ್ತಾರೆ. ಎರಡೂ ನಂಬರ್, ಕ್ರಾಸ್, ಹತ್ತಿರದ ಗುರುತು, ಎಲ್ಲವನ್ನೂ ಹಾಕಿ. ಕರಡು ಪಟ್ಟಿ ಪ್ರಕಟವಾದ ದಿನವೇ ಪಂಚಾಯಿತಿ ಕಚೇರಿಗೆ ಹೋಗಿ ನಿಮ್ಮ ರಸ್ತೆಯವರು ಯಾವ ಮತಕ್ಷೇತ್ರಕ್ಕೆ ಬಿದ್ದಿದ್ದಾರೆ ನೋಡಿ. ಒಂದೇ ಲೇಔಟ್ ಎರಡು ಕ್ಷೇತ್ರಕ್ಕೆ ಹರಿದುಹೋಗಿದ್ದರೆ ಆಕ್ಷೇಪಣೆ ಹಾಕಲು ಇರುವ ಸಮಯ ಅದೇ.

ಸರಿಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬುದು ಲೆಕ್ಕ. ಆದರೆ 2020ರ ಚುನಾವಣೆಗೂ ಆ ಲೆಕ್ಕಕ್ಕೆ ಹಿಡಿದದ್ದು 2011ರ ಜನಗಣತಿ. ಆಗ ನಿಮ್ಮ ಲೇಔಟ್ ರಾಗಿ ಹೊಲವಾಗಿತ್ತು ಅಂದುಕೊಳ್ಳಿ, ಆ ಲೆಕ್ಕದಲ್ಲಿ ನಿಮ್ಮ ಪಾಲಿಗೆ ಸೀಟೇ ಇಲ್ಲ. ಇದಕ್ಕೆ ತಕ್ಕ ಮಟ್ಟಿನ ಪರಿಹಾರವೂ ಇದೆ. ಒಂದು ಮತಕ್ಷೇತ್ರದಲ್ಲಿ ಎರಡು ಮೂರು ಸ್ಥಾನಗಳಿದ್ದರೆ ಪ್ರತಿ ಮತದಾರನಿಗೂ ಅಷ್ಟೇ ಮತ ಇರುತ್ತವೆ, ಒಬ್ಬ ಅಭ್ಯರ್ಥಿಗೆ ಒಂದೇ. ನಗರದಿಂದ ಬಂದವರು ಅಭ್ಯಾಸಬಲದಿಂದ ಒಂದು ಗುರುತಿಗೆ ಮುದ್ರೆ ಒತ್ತಿ ಬಂದುಬಿಡುತ್ತಾರೆ, ಮಿಕ್ಕ ಮತ ವ್ಯರ್ಥ. ಸ್ಥಾನಕ್ಕಿಂತ ಹೆಚ್ಚು ಮುದ್ರೆ ಒತ್ತಿದರೆ ಚೀಟಿಯೇ ತಿರಸ್ಕೃತ. 200 ಮನೆಯ 400 ಮತ ಒಟ್ಟಾದರೆ ಇಂಥ ಕ್ಷೇತ್ರದಲ್ಲಿ ಫಲಿತಾಂಶ ತಿರುಗಿಸಲು ಸಾಕು. ಪಕ್ಷದ ಚಿಹ್ನೆ ಇಲ್ಲದ ಚುನಾವಣೆ ಇದು, ಆದ್ದರಿಂದ ಯಾವ ಪಕ್ಷ ಅನ್ನುವುದಕ್ಕಿಂತ ಅಭ್ಯರ್ಥಿ ಸ್ವತಃ ಸೈಟ್ ವ್ಯವಹಾರದಲ್ಲಿದ್ದಾರಾ ಎಂದು ವಿಚಾರಿಸುವುದು ಮುಖ್ಯ.

ಇನ್ನು ಕಾಗದ. ಲೇಔಟ್ ನಕ್ಷೆಗೆ ಮಂಜೂರಾತಿ ಕೊಡುವುದು ಪಂಚಾಯಿತಿ ಅಲ್ಲ, ಯೋಜನಾ ಪ್ರಾಧಿಕಾರ. ಬ್ರೋಷರಿನ ಬಣ್ಣದ ನಕ್ಷೆಗೆ ಕವಡೆ ಕಿಮ್ಮತ್ತಿಲ್ಲ. ಪ್ರಾಧಿಕಾರಕ್ಕೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಅನುಮೋದಿತ ವಿನ್ಯಾಸ ನಕ್ಷೆ, ಪರಿಷ್ಕೃತ ನಕ್ಷೆ ಇದ್ದರೆ ಅದು, ರಸ್ತೆ ಮತ್ತು ಪಾರ್ಕ್ ಬಿಟ್ಟುಕೊಟ್ಟ ರಿಲಿಂಕ್ವಿಶ್‌ಮೆಂಟ್ ಡೀಡ್, ನಿವೇಶನ ಬಿಡುಗಡೆ ಆದೇಶ, ಇವುಗಳ ದೃಢೀಕೃತ ನಕಲು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕೆರೆ, ರಸ್ತೆ, ಬೀದಿ ದೀಪ ಎಲ್ಲ ಒಂದರಲ್ಲೇ ತುರುಕಿದರೆ ಅದೇ ನೆಪ ಹೇಳಿ ವಾಪಸ್ ಕಳಿಸುತ್ತಾರೆ. ‘ಪರಿಷ್ಕೃತ ನಕ್ಷೆ’ ಎಂಬ ಪದವನ್ನು ಮರೆಯಬೇಡಿ. ಪಾರ್ಕ್ ಕರಗುವುದು ಸಾಮಾನ್ಯವಾಗಿ ಅದರೊಳಗೇ. ಜೊತೆಗೆ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಆ ಸರ್ವೆ ನಂಬರಿನ ಇ.ಸಿ. (ಋಣಭಾರ ಪತ್ರ, ಅಂದರೆ ಆ ಜಾಗದ ನೋಂದಾಯಿತ ವ್ಯವಹಾರಗಳ ಪಟ್ಟಿ) ತೆಗೆಸಿ. ಪಾರ್ಕ್ ಜಾಗದ ಕ್ರಯಪತ್ರ ಈಗಾಗಲೇ ಆಗಿದ್ದರೆ ಅಲ್ಲಿ ಕಾಣುತ್ತದೆ.

ಮಂಜೂರಾದ ನಕ್ಷೆಯೇ ಇಲ್ಲ, ಇದು ರೆವಿನ್ಯೂ ಸೈಟು (ಮಂಜೂರಾತಿ ಇಲ್ಲದೆ ಕೃಷಿ ಜಮೀನಿನಲ್ಲಿ ಮಾಡಿದ ಸೈಟು) ಎಂದು ಉತ್ತರ ಬಂದರೆ ದಾರಿಯೇ ಬೇರೆ. ಬಿಟ್ಟುಕೊಟ್ಟ ಪತ್ರವೇ ಇಲ್ಲದ ಮೇಲೆ ಪಂಚಾಯಿತಿ ತನ್ನದೆಂದು ಹೇಳಿಕೊಳ್ಳಬಹುದಾದ ಪಾರ್ಕೂ ಅಲ್ಲಿಲ್ಲ. ಅಭ್ಯರ್ಥಿಯನ್ನು ಹಿಡಿದು ಜಗ್ಗಿ ಪ್ರಯೋಜನವಿಲ್ಲ, ವಕೀಲರನ್ನು ನೋಡಿ.

ನಕ್ಷೆ ಇದ್ದರೆ ಪಂಚಾಯಿತಿಯ ಕೈ ಎಲ್ಲಿ ಬಲವಾಗುತ್ತದೆ ನೋಡಿ. ಪಾರ್ಕನ್ನು ಸೈಟು ಮಾಡಿ ಮಾರಬೇಕಾದರೆ ನೋಂದಣಿಗೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ, ಇಲ್ಲವೇ 11ಬಿ ಬೇಕು. ಅದನ್ನು ಕೊಡುವುದು ಪಂಚಾಯಿತಿ. ಬಾಗಿಲು ಅದೇ, ಬೀಗ ಹಾಕಬೇಕಾದದ್ದೂ ಅಲ್ಲೇ. ಅಭ್ಯರ್ಥಿಯ ಮುಂದೆ ಇಡಬೇಕಾದ ನಿರ್ಣಯ ಹೀಗಿರಲಿ: ಸರ್ವೆ ನಂಬರ್ ಇಂಥದ್ದರ ಅನುಮೋದಿತ ನಕ್ಷೆಯಲ್ಲಿ ಉದ್ಯಾನ ಮತ್ತು ನಾಗರಿಕ ಸೌಲಭ್ಯಕ್ಕೆ ಮೀಸಲಾದ ಜಾಗಕ್ಕೆ ಯಾರ ಹೆಸರಿಗೂ ಖಾತೆ ಮಾಡತಕ್ಕದ್ದಲ್ಲ, ಅದನ್ನು ಪಂಚಾಯಿತಿಯ ಆಸ್ತಿ ವಹಿಯಲ್ಲಿ ದಾಖಲಿಸತಕ್ಕದ್ದು, ಅಳತೆ ಮಾಡಿಸಿ ತಂತಿಬೇಲಿ ಹಾಕತಕ್ಕದ್ದು. ಗೆದ್ದ ಮೇಲೆ ಎಷ್ಟನೇ ಸಭೆಯಲ್ಲಿ ಮಂಡಿಸುತ್ತೀರಿ ಎಂದು ಎಲ್ಲರೆದುರು ಕೇಳಿ. ‘ಅಧ್ಯಕ್ಷರಾದರೆ ಮಾಡ್ತೀನಿ’ ಎಂದರೆ ಒಪ್ಪಬೇಡಿ. ಅಧ್ಯಕ್ಷರನ್ನು ಆರಿಸುವುದು ಗೆದ್ದ ಸದಸ್ಯರು, ಅದೂ ಮೀಸಲಾತಿ ಬಂದಂತೆ. ವಿಷಯ ಮಂಡಿಸಲು ಅಧ್ಯಕ್ಷರೇ ಆಗಬೇಕೆಂದಿಲ್ಲ.

ಚುನಾವಣೆಗೆ ಕಾಯುತ್ತಾ ಸುಮ್ಮನೆ ಕೂರಬೇಡಿ. ಖಾತೆ ಮಾಡಬಾರದೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಇಂದೇ ತಕರಾರು ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ನಕಲನ್ನು ತಾಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೂ (ಇ.ಒ.) ಕಳಿಸಿ. ನೀತಿ ಸಂಹಿತೆ ಬಂದ ಮೇಲೆ ಹೊಸ ಕಾಮಗಾರಿ ನಿಲ್ಲುತ್ತದೆ, ಕಚೇರಿಯವರು ‘ಎಲೆಕ್ಷನ್ ಮುಗೀಲಿ’ ಅನ್ನುತ್ತಾರೆ. ಕಲ್ಲು ನೆಡುವವರಿಗೆ ಅಂಥ ಅಡ್ಡಿಯೇನೂ ಇಲ್ಲ.

ಕೆರೆಯ ವಿಷಯದಲ್ಲಿ ಸದಸ್ಯರಿಂದ ಹೆಚ್ಚು ನಿರೀಕ್ಷಿಸಬೇಡಿ. ಕೊಳಚೆ ನೀರು ಯಾವ ಕಟ್ಟಡದಿಂದ ಚರಂಡಿಗೆ ಬೀಳುತ್ತಿದೆ ಎಂದು ಗುರುತಿಸಿ ನೋಟಿಸ್ ಕೊಡಿಸುವವರೆಗೆ ಪಂಚಾಯಿತಿ. ಅಲ್ಲಿಂದಾಚೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ, ಒತ್ತುವರಿಯಾದರೆ ತಹಶೀಲ್ದಾರ್. ಹೊಳೆಯುವ ಎರಡು ಫೋಟೊಗಿಂತ ಕೆರೆಯ ಸರ್ವೆ ನಂಬರ್ ಬರೆದ ಒಂದು ಪುಟದ ದೂರು ಬೇಗ ಓಡುತ್ತದೆ.

ಕೊನೆಯದಾಗಿ ಒಂದು ಮಾತು ಬರುತ್ತದೆ: ‘ಇನ್ನೇನು ನಮ್ಮೂರು ಪುರಸಭೆ ಆಗುತ್ತೆ, ಆಗ ಎಲ್ಲ ಸರಿಹೋಗುತ್ತೆ.’ ನಾನಂತೂ ಇದನ್ನು ನಂಬುವುದಿಲ್ಲ. ನಿಮ್ಮ ತಾಲೂಕಿನ ಹೆಬ್ಬಗೋಡಿ, ಜಿಗಣಿ, ಚಂದಾಪುರ ಇವೆಲ್ಲ ಪಂಚಾಯಿತಿಗಳಾಗಿದ್ದು ಮೇಲೇರಿದವೇ, ಅಲ್ಲಿನವರನ್ನೇ ಕೇಳಿ ನೋಡಿ. 2007ರಲ್ಲಿ ಬೆಂಗಳೂರು ಮಹಾನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಮಾಡಿದ ಕುಡಿಯುವ ನೀರಿನ ಯೋಜನೆ, ಕಾವೇರಿ 5ನೇ ಹಂತ, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ಕಳೆದರೂ ಅಲ್ಲಿ ಚುನಾವಣೆಯೇ ಆಗಲಿಲ್ಲ. ಮೇಲ್ದರ್ಜೆಗೇರಿದಾಗ ಪಂಚಾಯಿತಿ ಸದಸ್ಯರು ಹೋಗುತ್ತಾರೆ, ಆಡಳಿತಾಧಿಕಾರಿ ಬರುತ್ತಾರೆ, ವಾರ್ಡ್ ವಿಂಗಡಣೆ ಮತ್ತು ಮೀಸಲಾತಿ ತಕರಾರು ಮುಗಿಯುವವರೆಗೆ ಕೇಳಲು ನಿಮ್ಮವರೆಂದು ಯಾರೂ ಇರುವುದಿಲ್ಲ. ಕಡತಗಳು ಗೋಣಿಚೀಲದಲ್ಲಿ ಕಚೇರಿಯಿಂದ ಕಚೇರಿಗೆ ಸಾಗುವ ಕಾಲವೂ ಅದೇ. ಪಾರ್ಕ್ ನಿರ್ಣಯ ಪಾಸಾದ ವಾರದಲ್ಲೇ ನಡಾವಳಿ ಪುಸ್ತಕದ ಆ ಪುಟದ ದೃಢೀಕೃತ ನಕಲು ತೆಗೆದುಕೊಳ್ಳಿ, ಆಸ್ತಿ ವಹಿಯ ಪುಟದ್ದೂ ಸೇರಿ ಎರಡು ಸೆಟ್. ಒಂದು ಸಂಘದ ಫೈಲಿನಲ್ಲಿ, ಇನ್ನೊಂದು ಯಾರದಾದರೂ ಮನೆಯ ಬೀರುವಿನಲ್ಲಿ ಇರಲಿ.